ಗೋಡೆಗೆ ಹೇಳಿದ್ದು

ಆಸ್ಪತ್ರೆಯ ಮೂರನೆಯ ಮಹಡಿ, ಕಿಟಕಿ ಪಕ್ಕದ ಬೆಂಚು
ಗುರುವಾರ, ಎಲ್ಲರೂ ಊಟಕ್ಕೆ ಹೋಗಿರುವ ಹೊತ್ತು

ಮಹಾಮಹಿಮಳೂ, ಫೋನೆತ್ತದ ವ್ರತ ಹಿಡಿದವಳೂ, ನನಗಿರುವ ಒಬ್ಬಳೇ ಅಕ್ಕನೂ ಆದ ಕತ್ತರಿಗೆ,

ತಮ್ಮನಾದ ಕೋತಿಯು ಬೆಂಚಿನಿಂದೆದ್ದು ನಿಂತು, ಬಾಲ ಮಡಚಿಕೊಂಡು ಮಾಡುವ ನಮಸ್ಕಾರಗಳು. ಇದಾದ ಮೇಲೆ ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆಯುವುದು ರೂಢಿ. ಅಷ್ಟು ದೊಡ್ಡ ಸುಳ್ಳು ಹೇಳುವ ತಾಕತ್ತು ಇವತ್ತು ನನಗೂ ಇಲ್ಲದ್ದರಿಂದ ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.

ತಡವಾಗಿ ಬರೆಯುತ್ತಿರುವುದಕ್ಕೆ ಮನ್ನಿಸು. ಫೋನಿರುವ ಕಾಲದಲ್ಲಿ ಕಾಗದ ಯಾಕೆಂದು ಮೊದಲು ಫೋನನ್ನೇ ಮಾಡಿದ್ದೆ. ಅಮ್ಮನ ಗಂಟಲಲ್ಲಿ ಗಡ್ಡೆ, ಆಪರೇಷನ್ ಮಾಡಿದರೆ ದನಿಪೆಟ್ಟಿಗೆ ತೆಗೆಯುತ್ತಾರಂತೆ, ಅದಕ್ಕೆ ಮೊದಲು ಒಂದು ಸಲ ಮಾತಾಡು ಎಂದೆ. ನೀನು ತಣ್ಣಗೆ, "ಹೋದ ಸಲ ಅಜ್ಜಿನ ಬಾವಿಗೆ ಬೀಳಿಸಿದ್ದೆ. ಈ ಸಲ ಇದಾ?" ಎಂದು ಕಟ್ ಮಾಡಿದೆ. ನಿನ್ನನ್ನು ದೂರಲಾರೆ. ಅಜ್ಜಿ ಬಾವಿಗೆ ಬಿದ್ದಳೆಂದು ನಾನು ಗೋಳಾಡುತ್ತಿದ್ದಾಗ ಅವಳು ನನ್ನ ಪಕ್ಕದಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದಳು. ನೀನು ಅರ್ಧ ಹೊಲಿದ ಬಟ್ಟೆಯನ್ನು ಮೆಷಿನ್ನಿನಲ್ಲೇ ಬಿಟ್ಟು ಬಸ್ಸು ಹತ್ತಿದ್ದೆ. ಈ ಸಲ ಬೇರೆಯವರ ಫೋನಿನಿಂದಲೂ ಮಾಡಿದೆ. ನನ್ನ ದನಿ ಕೇಳಿದೊಡನೆ ಕಟ್. ಕೊನೆಗೆ ಇಲ್ಲಿಯ ನರ್ಸಮ್ಮನ ಕೈಕಾಲು ಹಿಡಿದು ಅವರಿಂದಲೇ ಮಾಡಿಸಿದೆ. "ಚೆನ್ನಾಗಿ ಆಕ್ಟ್ ಮಾಡ್ತೀರಮ್ಮ, ಅವನು ಏನು ಕೊಡಿಸ್ತೀನಿ ಅಂದ?" ಎಂದೆಯಂತೆ. ನರ್ಸಮ್ಮ ಅವತ್ತಿನಿಂದ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

ಈ ಕಾಗದ ತಂದುಕೊಟ್ಟವನು ನಿಮ್ಮೂರಿನ ಬಸ್ಸಿನ ಡ್ರೈವರು. ಅವನ ಅತ್ತೆ ಪಕ್ಕದ ವಾರ್ಡಿನಲ್ಲಿದ್ದಾರೆ. ನನ್ನನ್ನು ನಂಬದಿದ್ದರೆ ಬೇಡ, ಅವನ ಮುಖವನ್ನೊಮ್ಮೆ ನೋಡು. ಆ ಮುಖಕ್ಕೆ ತಮಾಷೆ ಬರುವುದಿಲ್ಲ.

ಈಗ ಸೋಮವಾರದ ವಿಚಾರ. ಬೆಳಿಗ್ಗೆ ಡಾಕ್ಟರು ಅಮ್ಮನನ್ನು ಪರೀಕ್ಷೆ ಮಾಡಿ, ಇವತ್ತೊಂದು ದಿನ ಏನು ತಿನ್ನಬೇಕೋ ತಿನ್ನಿ, ಏನು ಮಾತಾಡಬೇಕೋ ಮಾತಾಡಿ, ಸಂಜೆ ಬಂದು ಸೇರಿಕೊಳ್ಳಿ, ನಾಳೆ ಆಪರೇಷನ್ ಎಂದರು. ಅಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಹೊರಗೆ ಬಂದ ಮೇಲೆ, ಸಂಜೆ ನಮ್ಮೂರಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು. "ಬಾಯಿಲ್ಲದೆ ಬದುಕಿ ನಾನೇನು ಮಾಡ್ಲಿ? ಬಟ್ಟೆ ಅಳತೆ ತಗೊಳೋವಾಗ ಸನ್ನೆ ಮಾಡ್ಲಾ?" ಎಂದಳು. ಹೇಳಿದ್ದು ಆ ಒಡಕು ದನಿಯಲ್ಲಿ. ಮೂರು ಬೀದಿಗೆ ಕೇಳುತ್ತಿದ್ದ ಅಮ್ಮನ ದನಿ ಈಗ ಹಳೆಯ ಬಾಗಿಲಿನ ಕೀಲಿನ ಹಾಗಾಗಿತ್ತು. ಹಾಗಾದರೆ ಬಸ್ಸು ಬರುವ ತನಕ ಊರಾದರೂ ನೋಡೋಣ ಎಂದೆ. ಅದಕ್ಕೆ ಒಪ್ಪಿದಳು. ಇಷ್ಟು ಹಳೇ ಊರಿಗೆ ಬಂದು ಬರೀ ಆಸ್ಪತ್ರೆ ನೋಡಿಕೊಂಡು ಹೋದರೆ ಅಕ್ಕಪಕ್ಕದವರು ನಗುತ್ತಾರಂತೆ. ಸಂಜೆಯೊಳಗೆ ಹೇಗಾದರೂ ಅವಳ ಬಾಯಿಂದ ಹೂಂ ಅನ್ನಿಸಬೇಕು ಎಂಬುದು ನನ್ನ ಲೆಕ್ಕಾಚಾರ. ನಗಿಸುತ್ತಾ ನಗಿಸುತ್ತಾ ಒಪ್ಪಿಸಿಬಿಡುತ್ತೇನೆ ಎಂದುಕೊಂಡಿದ್ದೆ. ನನ್ನ ಹತ್ತಿರ ಬೇರೆ ಯಾವ ಆಯುಧ ಇದೆ ಹೇಳು.

ಕೋಟೆಯ ಬಾಗಿಲಲ್ಲಿ ಗೈಡುಗಳು ಮುತ್ತಿಕೊಂಡರು. ಇತಿಹಾಸದ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತ ಈ ಭೂಮಿಯ ಮೇಲಿಲ್ಲ ಎಂದು ಅವರಿಗೆ ತಿಳಿಸಿ, ಅಮ್ಮನ ಗೈಡಾಗಿ ನನ್ನನ್ನು ನಾನೇ ನೇಮಿಸಿಕೊಂಡೆ. ಒಂದು ಫಿರಂಗಿಯ ಮುಂದೆ ನಿಂತು, ಇದು ಆಯುಷ್ಯದಲ್ಲಿ ಒಂದೇ ಸಲ ಹಾರಿದ್ದು, ಅದೂ ಊಟಕ್ಕೆ ಬಂದು ತಿಂಗಳುಗಟ್ಟಲೆ ಕೂತ ರಾಜನ ಭಾವಮೈದುನನ ಮೇಲೆ, ಗುರಿ ತಪ್ಪಿದ್ದರಿಂದ ಅವನ ವಂಶ ಇವತ್ತಿಗೂ ಊಟಕ್ಕೆ ಬರುತ್ತಿದೆ ಎಂದು ವಿವರಿಸಿದೆ. ಹಿಂದೆ ನಿಂತಿದ್ದ ಪ್ರವಾಸಿಯೊಬ್ಬ ಅದನ್ನು ಫೋನಿನಲ್ಲಿ ಬರೆದುಕೊಂಡ. ಅಮ್ಮ ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲೇ ಇಲ್ಲ. ಫಿರಂಗಿಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಬಗ್ಗಿ ನಿಂತಳು. ಬೆನ್ನು ನೀವಲು ಹೋದರೆ ಕೈ ತಳ್ಳಿದಳು. ನಗಿಸುವುದರಿಂದಲೂ ಅವಳಿಗೆ ನೋವಾಗುತ್ತದೆ ಎಂದು ನನಗೆ ಗೊತ್ತಾದದ್ದು ಅಲ್ಲಿ. ನನ್ನ ಒಂದೇ ಆಯುಧವೂ ಹೋಯಿತು.

ಆಮೇಲೆ ತಿಂಡಿ ಬೀದಿ. ಒಂದೊಂದು ಅಂಗಡಿಯ ಮುಂದೂ ನಿಂತು ಒಂದೊಂದು ತೆಗೆದುಕೊಂಡಳು. ಕರಿದ ಮೀನು, ಬೆಣ್ಣೆ ಹಚ್ಚಿದ ಬನ್ನು, ಕೆಂಡದ ಮೇಲೆ ಸುಟ್ಟ ಜೋಳ. ಒಂದು ಚೂರು ಬಾಯಿಗಿಟ್ಟು, ಸೂಜಿಗೆ ದಾರ ಪೋಣಿಸುವಾಗ ಮಾಡುವ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನುಂಗುವಳು. ಉಳಿದದ್ದನ್ನು ನನ್ನ ಕೈಗೆ ಕೊಡುವಳು. ನಾನು ಇಬ್ಬರ ಹೊಟ್ಟೆಯನ್ನು ಒಬ್ಬನೇ ತುಂಬಿಸುತ್ತಾ ನಡೆದೆ. ಸಾರಿನ ಅಂಗಡಿಯಲ್ಲಿ ಉಪ್ಪು ಕಮ್ಮಿ ಎಂದಳು. ಅಂಗಡಿಯವನು ಏನಮ್ಮಾ ಎಂದ. ಮತ್ತೆ ಹೇಳಿದಳು. ಅವನು ಕಿವಿ ತಂದು ಅವಳ ಬಾಯಿಗೆ ಹಿಡಿದ. ಬೆಂಚಿನಲ್ಲಿ ಕೂತವರೆಲ್ಲ ಚಮಚ ಕೆಳಗಿಟ್ಟು, ಏನಂತೆ ಏನಂತೆ ಎಂದು ನನ್ನನ್ನು ಕೇಳತೊಡಗಿದರು. ಕತ್ತರೀ, ನಮ್ಮಮ್ಮನ ಮಾತು ಕೇಳಿಸಲಿಲ್ಲ ಎಂದವರನ್ನು ಹುಟ್ಟಿದಾಗಿನಿಂದ ನೋಡಿದ್ದೀಯಾ? ನಾನು ಎದ್ದು ನಿಂತು, "ಉಪ್ಪು ಕಮ್ಮಿಯಂತೆ!" ಎಂದು ಬೀದಿಗೆಲ್ಲ ಸಾರಿದೆ. ಎಲ್ಲರೂ ನಕ್ಕರು. ಅಮ್ಮ ಬಟ್ಟಲನ್ನು ದೂರ ಸರಿಸಿ, "ನಾಳೆಯಿಂದ ಇದೇ ಕೆಲ್ಸ ನಿಂಗೆ" ಎಂದಳು. ನನಗೆ ನಗು ಬರಲಿಲ್ಲ.

ಅರಮನೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಯಾವನೋ ರಾಜನ ನಿಲುವಂಗಿ ಇತ್ತು. ರತ್ನದ ಖಡ್ಗ, ಬೆಳ್ಳಿಯ ತೊಟ್ಟಿಲು ಯಾವುದನ್ನೂ ನೋಡದ ಅಮ್ಮ ಅದರ ಮುಂದೆ ನಿಂತುಬಿಟ್ಟಳು. ಗಾಜಿಗೆ ಮೂಗು ತಾಗಿಸಿ ತೋಳಿನ ಅಂಚನ್ನು ನೋಡಿದಳು, ಬಗ್ಗಿ ಕೆಳಗಿನಿಂದ ನೋಡಿದಳು. ಕಾವಲಿನವನು ಗಾಜು ಮುಟ್ಟಬೇಡಿ ಎಂದು ಗದರಿದ. ಅವಳು ಅಲುಗಾಡಲಿಲ್ಲ. ಆಮೇಲೆ, ಯಾರಿಗೂ ಅಲ್ಲ ಎಂಬಂತೆ, "ಅವಳೂ ಹೀಗೇ. ಒಳಗೆ ಮಡಿಸಿ ಎರಡು ಸಲ ಹೊಲಿಗೆ ಓಡಿಸ್ತಾಳೆ" ಎಂದಳು.

ನಿನ್ನ ಅಂಗಡಿ ಶುರುವಾದ ದಿನ ಬಂದವರೆಲ್ಲರ ಎದುರಿಗೆ ಅಮ್ಮ ನೀನು ಹೊಲಿದ ಆ ನೀಲಿ ಕೋಟನ್ನು ಒಳಗು ಹೊರಗು ಮಾಡಿ ಹಿಡಿದು, "ಮೊದಲ್ನೇ ಒಗೆತಕ್ಕೆ ಬಾಯಿ ಬಿಡತ್ತೆ ಇದು" ಎಂದಳಲ್ಲ, ಅವತ್ತಿನಿಂದ ನಮ್ಮ ಮನೆಯಲ್ಲಿ ನಿನ್ನ ಸುದ್ದಿ ಇಲ್ಲ. ನಾನು ಎತ್ತಿದರೆ ಮೆಷಿನ್ನಿನ ಪೆಡಲು ಜೋರಾಗುತ್ತಿತ್ತು. ಎರಡು ವರ್ಷದ ಮೇಲೆ ಅವಳ ಬಾಯಿಂದ "ಅವಳು" ಎಂಬ ಮಾತು ಬಂದದ್ದು ಆ ರಾಜನ ತೋಳಿನ ದೆಸೆಯಿಂದ.

ಕೊನೆಗೆ ಹೋದದ್ದು ಹಳೆಯ ನ್ಯಾಯಸಭೆಗೆ. ಒಂದು ದೊಡ್ಡ ದುಂಡು ಸಭಾಂಗಣ, ಒಂದು ಮೂಲೆಯೂ ಇಲ್ಲ. ಈ ಕಡೆಯ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಮಾತು ಗೋಡೆಯನ್ನು ಬಳಸಿಕೊಂಡು ಹೋಗಿ ಎದುರಿನ ಗೋಡೆಯಲ್ಲಿ ಕೇಳುತ್ತದೆ. ಅಲ್ಲಿಯ ಮುದುಕ ಕಾವಲುಗಾರ ಎಲ್ಲರಿಗೂ ಒಂದೇ ಮಾತು ಹೇಳುತ್ತಿದ್ದ. ಕೂಗಿದರೆ ಕಲಸಿಹೋಗುತ್ತದೆ, ಮೆಲ್ಲಗೆ ಹೇಳಿದರೆ ಮಾತ್ರ ಮುಟ್ಟುತ್ತದೆ ಅಂತ. ಅಮ್ಮ ನನ್ನ ಮುಖ ನೋಡಿದಳು. ಜೀವಮಾನದಲ್ಲಿ ಮೆಲ್ಲಗೆ ಮಾತಾಡಿ ಗೊತ್ತಿಲ್ಲದವಳಿಗೆ ಈಗ ಬರುವುದು ಅದೊಂದೇ. ನೀನು ಆ ಕಡೆ ಹೋಗು ಎಂದು ಕೈಸನ್ನೆ ಮಾಡಿದಳು.

ಹೋಗಿ ಗೋಡೆಗೆ ಕಿವಿ ಹಚ್ಚಿ ನಿಂತೆ. ಅವಳ ಬೆನ್ನು ನನ್ನ ಕಡೆ, ನನ್ನ ಬೆನ್ನು ಅವಳ ಕಡೆ. ಕೋತೀ ಎಂದು ಕರೆಯುತ್ತಾಳೆ, ನಾನು ಸತ್ತ ನ್ಯಾಯಾಧೀಶನ ದನಿಯಲ್ಲಿ "ಆರೋಪಿ ಯಾರು?" ಎಂದು ಗುಡುಗಬೇಕು ಎಂದು ತಯಾರಾಗಿದ್ದೆ. ಗೋಡೆಯೊಳಗಿಂದ ಬಂತು: "ಕತ್ತರೀ, ಊಟ ಆಯ್ತಾ?"

ನನ್ನ ಕಿವಿಯ ಪಕ್ಕದಲ್ಲೇ ನಿಂತು ಹೇಳಿದಂತೆ ಕೇಳಿತು. ಅದರಲ್ಲಿ ಒಡಕಿರಲಿಲ್ಲ.

ತಿರುಗಿ ನೋಡಿದೆ. ಅವಳು ಗೋಡೆಗೆ ಹಣೆ ಒತ್ತಿಕೊಂಡು ಕಾಯುತ್ತಿದ್ದಳು. ಹಿಂದೆ ಒಂದಷ್ಟು ಜನ ತಮ್ಮ ಸರದಿಗಾಗಿ ಗೊಣಗುತ್ತಿದ್ದರು. ನಾನೇನು ಮಾಡಲಿ? ಮಾತಿಗೆ ಮೊದಲು ನೀನು ಹಲ್ಲಲ್ಲಿ ದಾರ ಕಚ್ಚಿ ಹರಿದ ಹಾಗೆ ಒಂದು ಸದ್ದು ಮಾಡುತ್ತೀಯಲ್ಲ, ಅದನ್ನು ಮಾಡಿದೆ. "ಚ್. ಆಯ್ತಮ್ಮ. ನಿಂದು?" ಎಂದೆ. ಪಿಸುಮಾತಿನಲ್ಲಿ ಗಂಡಸು ಹೆಂಗಸು ಎಂಬ ಭೇದವಿಲ್ಲ. ನನ್ನ ಕಿವಿಗೇ ನೀನು ಮಾತಾಡಿದ ಹಾಗಾಯಿತು.

ಆಮೇಲೆ, "ಆ ನೀಲಿ ಕೋಟು ಬಿಚ್ತಾ?"

"ಇಲ್ಲಮ್ಮ. ಎಷ್ಟೋ ಸಲ ಒಗೆದಾಯ್ತು. ಗಟ್ಟಿಯಾಗಿದೆ."

"ಗೊತ್ತಿತ್ತು. ಅವತ್ತೇ ಗೊತ್ತಿತ್ತು ನಂಗೆ."

ಇಷ್ಟು ಸಾಕು ಈಗ. ಹೊರಗೆ ಬಂದಾಗ ಅವಳ ಮುಖ ಎಂದಿನಂತೆಯೇ ಇತ್ತು. ಮೆಟ್ಟಿಲ ಬಳಿ ಐಸ್‌ಕ್ರೀಮು ಮಾರುತ್ತಿದ್ದರು. ಒಂದು ತೆಗೆದುಕೊಂಡು, ನನಗೊಂದು ಚೂರೂ ಕೊಡದೆ ಪೂರ್ತಿ ತಿಂದಳು. ತಿಂದು ಮುಗಿಸಿ, "ಅವಳ ದನಿ ಯಾಕೋ ಬಿದ್ದಿದೆ. ಶೀತ ಇರ್ಬೇಕು" ಎಂದಳು. ಅವಳು ನಿಜವಾಗಿ ನಂಬಿದ್ದಳೋ, ಅಥವಾ ಬದುಕಿನಲ್ಲಿ ಮೊದಲ ಸಲ ನನ್ನನ್ನೇ ಆಟ ಆಡಿಸಿದಳೋ, ದೇವರಾಣೆಗೂ ಗೊತ್ತಿಲ್ಲ. ಬಸ್‌ಸ್ಟ್ಯಾಂಡಿನ ಕಡೆ ತಿರುಗುವ ಜಾಗದಲ್ಲಿ ತಿರುಗದೆ ಅವಳಾಗಿಯೇ ಆಸ್ಪತ್ರೆಯ ದಾರಿ ಹಿಡಿದಳು.

ಮಂಗಳವಾರ ಆಪರೇಷನ್ ಆಯಿತು. ದನಿಪೆಟ್ಟಿಗೆ ತೆಗೆದರು. ತೆಗೆದ ಮೇಲೆ ನೋಡಿದರೆ ಗಡ್ಡೆಯ ಬೇರು ಎದೆಗೆ ಇಳಿದುಬಿಟ್ಟಿದೆಯಂತೆ, ಅಲ್ಲಿ ಕೈ ಹಾಕುವಂತಿಲ್ಲವಂತೆ. ಅಂದರೆ ದನಿಯೂ ಹೋಯಿತು, ಗಡ್ಡೆಯೂ ಉಳಿಯಿತು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಯಾರ್ಯಾರಿಗೆ ಹೇಳ್ಬೇಕೋ ಈಗ್ಲೇ ಹೇಳಿಬಿಡಪ್ಪ" ಎಂದರು. ಹೇಳಲು ನನಗಿರುವವಳು ನೀನೊಬ್ಬಳು. ನಾನು ಹೇಳಿದರೆ ನಂಬದವಳೂ ನೀನೊಬ್ಬಳೇ. ಈ ಬೆಂಚಿನ ಮೇಲೆ ಕೂತು ಅದನ್ನೇ ಯೋಚಿಸಿದೆ. ನಗು ಬರುತ್ತದೇನೋ ಎಂದು ಕಾದು ನೋಡಿದೆ.

ಕತ್ತರೀ, ಇದರಲ್ಲಿ ಒಂದೇ ಒಂದು ಅಕ್ಷರ ತಮಾಷೆಯಿದ್ದರೂ ನನ್ನ ನಾಲಿಗೆಯನ್ನು ನಿನ್ನ ದೊಡ್ಡ ಕತ್ತರಿಯಿಂದಲೇ ಕತ್ತರಿಸು, ಕೊರಳೊಡ್ಡಿ ನಿಲ್ಲುತ್ತೇನೆ. ಇದೇ ಬಸ್ಸು ತಿರುಗಿ ಹೊರಡುವಾಗ ಹತ್ತಿ ಬಾ. ಬಂದು ನನಗೆ ಎರಡು ಬಾರಿಸು. ಆಮೇಲೆ ಒಳಗೆ ಹೋಗು. ಆ ನೀಲಿ ಕೋಟು ಇನ್ನೂ ಇದ್ದರೆ ತಂದುಬಿಡು.

ಕಿರಿಯನು ಹಿರಿಯಳನ್ನು ಹರಸುವುದು ಮರ್ಯಾದೆಯಲ್ಲ ಎಂದು ಬಲ್ಲೆ. ಆದರೂ ನಿನ್ನ ಮೆಷಿನ್ನು ಕೆಡದಿರಲಿ, ನಿನ್ನ ಹೊಲಿಗೆ ಬಿಚ್ಚದಿರಲಿ, ನಿನ್ನ ಗಂಟಲು ಗಟ್ಟಿಯಾಗಿರಲಿ. ಇದನ್ನು ಹೇಳಬೇಕಾದವಳಿಗೆ ಈಗ ಬಾಯಿಲ್ಲ. ಉಪ್ಪು ಕಮ್ಮಿ ಎಂದು ಸಾರಿದ ನಾನೇ ಇದನ್ನೂ ಸಾರುತ್ತಿದ್ದೇನೆ.

ಇಂತಿ ನಿನ್ನ ತಮ್ಮ,
ಕೋತಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಗೋಡೆಯಲ್ಲಿ ಅಮ್ಮ ಇನ್ನೊಂದು ಮಾತು ಕೇಳಿದಳು. "ಯಾವಾಗ ಬರ್ತೀಯಾ?" ಎಂದು. ಅಷ್ಟು ಹೊತ್ತಿಗೆ ನನಗೆ ನಿನ್ನ ದನಿ ಎಷ್ಟು ಚೆನ್ನಾಗಿ ಕೂತುಬಿಟ್ಟಿತ್ತೆಂದರೆ, ಯೋಚನೆಯೇ ಮಾಡದೆ, "ಚ್. ಆಪರೇಷನ್ ಮಾಡಿಸ್ಕೊಳಮ್ಮ. ನೀನು ಕಣ್ಣು ಬಿಟ್ಟಾಗ ಬಾಗಿಲಲ್ಲೇ ಇರ್ತೀನಿ" ಎಂದೆ. "ಹಾಗಾದ್ರೆ ಮಾಡಿಸ್ಕೋತೀನಿ" ಎಂದಳು. ಗೋಡೆಗೆ ಅವಳು ಹೇಳಿದ್ದರಲ್ಲಿ ಅದೇ ಕೊನೆಯದು. ಅವಳ ದನಿಯನ್ನು ಡಾಕ್ಟರು ತೆಗೆದದ್ದಲ್ಲ ಅಕ್ಕಾ, ನಿನ್ನ ದನಿಯಲ್ಲಿ ನಾನು ತೆಗೆಸಿದ್ದು. ಈಗ ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿಸುತ್ತಾಳೆ. ನಾನೋ ನರ್ಸಮ್ಮನೋ ಎಂದು ಗೊತ್ತಾದ ಮೇಲೆ ಮತ್ತೆ ಗೋಡೆಯ ಕಡೆ ಹೊರಳುತ್ತಾಳೆ. ನಿನ್ನ ಹಾಗೆ ಮಾತಾಡಲು ನನಗೆ ಬರುತ್ತದೆ. ನಿನ್ನ ಹಾಗೆ ಬಂದು ಬಾಗಿಲಲ್ಲಿ ನಿಲ್ಲಲು ಬರುವುದಿಲ್ಲ. ಬರೆದು ತೋರಿಸಲಿ ಎಂದು ಅವಳ ಕೈಗೊಂದು ಸ್ಲೇಟು ಕೊಟ್ಟಿದ್ದಾರೆ. ಇದುವರೆಗೆ ಅದರ ಮೇಲೆ ಬರೆದಿರುವುದು ಒಂದೇ ಸಾಲು, ಬಾಗಿಲು ಮುಚ್ಚಬೇಡಿ ಎಂದು. ಸೆಕೆಯಾಗುತ್ತಿದೆಯೇನೋ ಎಂದು ನರ್ಸಮ್ಮ ಫ್ಯಾನು ಜೋರು ಮಾಡಿ ಹೋದರು.