ಹೊಳೆ ದಾಟುವ ಪುಟ

೧೭-೨-೧೯೮೩, ಗುರುವಾರ. ಅಕ್ಕಿಆಲೂರು.

ಹಾನಗಲ್ಲಿನ ಮುದ್ರಕ ದ್ಯಾಮಪ್ಪನವರ ಮಾತು ಇನ್ನೂ ಚುಚ್ಚುತ್ತಿದೆ. ಒಬ್ಬರು ಕಥೆ ಹೇಳಿ, ಉಳಿದವರು ಪಾತ್ರಗಳಾಗಿ ಕವಡೆ ಹಾಕುವ ನನ್ನ ಆಟದ ಹಸ್ತಪ್ರತಿ ಓದಿ, "ಛಲೋ ಐತ್ರಿ ಅಕ್ಕೋರ. ಆದ್ರ ನೀವು ಬಾಜೂಕ ಕುಂತು ಹೇಳಿದ್ರಷ್ಟ ತಿಳೀತೈತಿ. ಪುಸ್ತಕದ ಜೋಡಿ ನಿಮ್ಮನ್ನೂ ಕಟ್ಟಿ ಕಳಸೂಣೇನ್ರಿ?" ಎಂದರು. ಎಂಥ ಸಿಟ್ಟು ಬಂತು! ಒಂಬತ್ತು ತಿಂಗಳು ಬರೆದಿದ್ದೇನೆ.

ಇವತ್ತು ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯ ಕರೆವ್ವ ಮತ್ತು ಅವಳ ಸೊಸೆಯರಿಗೆ ಹಸ್ತಪ್ರತಿ ಕೊಟ್ಟು, ನಾನು ಮಾತ್ರ ಬಾಯಿ ಬಿಡಬಾರದೆಂದು ಅಕ್ಕಿ ಆರಿಸುತ್ತ ಕುಳಿತೆ. ಕರೆವ್ವ ಕಥೆ ಹೇಳುತ್ತಿದ್ದಳು; ಸೊಸೆಯರು ಕಥೆಯ ಪಯಣಿಗರಾಗಿ ಹೊಳೆಯ ತನಕ ಬಂದು ನಿಂತರು. ದಾಟಲು ಎಷ್ಟು ಕವಡೆ ಬೀಳಬೇಕೆಂದು ನಾನು ಬರೆದೇ ಇಲ್ಲ! ನಾಲಿಗೆ ಕಚ್ಚಿಕೊಂಡೆ.

ಕರೆವ್ವ, "ಅಕ್ಕೋರು ಮರ್ತಾರ. ಇರ್ಲಿ, ಒಂದು ಹಾಡು ಹೇಳಿದ್ರ ಅಂಬಿಗ ದಾಟಸ್ತಾನ ತಗೋ" ಎಂದಳು. ಎಲ್ಲರೂ ಹಾಡಿದರು, ದಾಟಿದರು. ನನ್ನತ್ತ ಒಬ್ಬರೂ ತಿರುಗಿ ನೋಡಲಿಲ್ಲ.

ಈಗ ಆ ನಿಯಮ ಬರೆಯಲು ಕುಳಿತು, ಐದು ಕವಡೆ ಎಂದು ಬರೆದು ಹೊಡೆದು ಹಾಕಿದೆ. ಕೊನೆಗೆ ಅರ್ಧ ಪುಟ ಖಾಲಿ ಬಿಟ್ಟು, ಮೇಲೆ "ದಾಟುವ ದಾರಿ ನೀವೇ ಹೇಳಿರಿ" ಎಂದಷ್ಟೇ ಬರೆದೆ. ಇನ್ನು ದ್ಯಾಮಪ್ಪನವರು ನನ್ನನ್ನು ಕಟ್ಟಿ ಕಳಿಸಬೇಕಾಗಿಲ್ಲ. ನಾನು ಬಯಸಿದ್ದೂ ಅದನ್ನೇ. ಆದರೂ ಯಾಕೋ, ಒಬ್ಬರಾದರೂ ನನ್ನತ್ತ ತಿರುಗಿ ನೋಡಬೇಕಿತ್ತು ಅನಿಸುತ್ತಿದೆ.