ತಣ್ಣಗಾಗದ ಬಣ್ಣ

ಅಂಗಡಿಯ ಒಳಕೋಣೆ
ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿಂತು ನಿಂತು ಬರುತ್ತಿದ್ದ ಸೊಂಟನೋವು ಈಗ ಹೇಗಿದೆ? ಬಾವನ ಕೆಮ್ಮು ಕಡಿಮೆಯಾಯಿತೇ? ನಿಮ್ಮ ಬ್ಯೂಟಿ ಕಂಪನಿಯವರ ತರಬೇತಿ ಶಾಲೆಯಲ್ಲಿ ನಿನ್ನಂತೆ ಪಾಠ ಹೇಳುವವರಿಗಾದರೂ ಕೂರಲು ಕುರ್ಚಿ ಕೊಡುತ್ತಾರೆಂದು ಅಮ್ಮ ನಂಬಿಕೊಂಡಿದ್ದಾಳೆ. ನನ್ನ ವಿಷಯ ಬಿಡು, ಗುಂಡುಕಲ್ಲಿನ ಹಾಗಿದ್ದೇನೆ. ಅಮ್ಮನ ವಿಷಯ ಹೇಳಲೆಂದೇ ಈ ಕಾಗದ. ಫೋನಿನಲ್ಲಿ ಹೇಳಹೊರಟರೆ ಅವಳ ಕಿವಿಗೆ ಬೀಳುತ್ತದೆ. ನಮ್ಮ ಪಾರ್ಲರ್ ಮೊದಲೇ ಬೆಂಕಿಪೊಟ್ಟಣದಷ್ಟು.

ಅಮ್ಮ ಕತ್ತರಿ ಕೆಳಗಿಟ್ಟಿದ್ದಾಳೆ. ಬೆಳಿಗ್ಗೆ ಬಂದು ಬಾಗಿಲು ತೆಗೆಯುತ್ತಾಳೆ, ನೆಲ ಗುಡಿಸುತ್ತಾಳೆ, ಆಮೇಲೆ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ತಾನೇ ಗಿರಾಕಿಯ ಹಾಗೆ ಕೂತುಬಿಡುತ್ತಾಳೆ. ತನ್ನ ಕುರ್ಚಿಯ ಎದುರಿನ ಕನ್ನಡಿಗೆ ಟವೆಲ್ ಹೊದಿಸಿದ್ದಾಳೆ. ನಾನು ಯಾರದಾದರೂ ಕೂದಲನ್ನು ಓರೆಯಾಗಿ ಕತ್ತರಿಸಿದರೂ ಬೈಯುವುದಿಲ್ಲ. ನಮ್ಮಮ್ಮ ಬಾಯಿ ಮುಚ್ಚಿಕೊಂಡಿದ್ದನ್ನು ನೀನು ಯಾವತ್ತಾದರೂ ಕಂಡಿದ್ದೀಯಾ? ನನಗೆ ಭಯವಾಗುತ್ತಿದೆ.

ಆದದ್ದು ಇಷ್ಟು. ಎದುರುಮನೆ ಟೀಚರಮ್ಮ ಗೊತ್ತಲ್ಲ, ನಮ್ಮಿಬ್ಬರಿಗೂ ಕಿವಿ ಹಿಂಡಿ ಮಗ್ಗಿ ಕಲಿಸಿದವರು. ಎಂದಿನಂತೆ ಬಣ್ಣ ಹಚ್ಚಿಸಿಕೊಳ್ಳಲು ಬಂದರು. ಅಮ್ಮ ಅದೇ ಹಳೆಯ ಹಸಿರು ಡಬ್ಬಿ ತೆಗೆದು, ಕಣ್ಣಂದಾಜಿನಲ್ಲಿ ಕಲಸಿ ಹಚ್ಚಿದಳು. ನಮ್ಮಲ್ಲಿ ಗಡಿಯಾರ ನೋಡುವ ಪದ್ಧತಿಯೇ ಇಲ್ಲವಲ್ಲ. ಹಚ್ಚಿದ ಕೂದಲಿಗೆ ಕೈಯ ಹಿಂಬದಿ ತಾಗಿಸಿ ನೋಡುವುದು, ಮೊದಲು ಬೆಚ್ಚಗಾಗಿ ಆಮೇಲೆ ತಣ್ಣಗಾದರೆ ತೊಳೆಯುವುದು. ನಿನಗೂ ನನಗೂ ಅವಳು ಕಲಿಸಿದ್ದು ಹಾಗೆಯೇ. ಅವತ್ತು ಬಣ್ಣ ತಣ್ಣಗಾಗಲೇ ಇಲ್ಲ. "ಉರೀತಿದೆ ಕಣೇ" ಎಂದು ಟೀಚರಮ್ಮ ಅಂದರು. "ಸ್ವಲ್ಪ ತಡ್ಕೊಳ್ಳಿ, ಇನ್ನೂ ಹದಕ್ಕೆ ಬಂದಿಲ್ಲ" ಎಂದು ಅಮ್ಮ ಕಾದಳು. ತೊಳೆಯುವಾಗ ಕೂದಲು ಹಿಡಿಹಿಡಿಯಾಗಿ ಅವಳ ಬೆರಳಿಗೆ ಬಂತು, ನೆತ್ತಿಯ ಚರ್ಮವೂ ಎದ್ದಿತ್ತು. ಟೀಚರಮ್ಮ ಈಗ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾರೆ, ತಲೆಗೆ ಪಟ್ಟಿ ಕಟ್ಟಿಕೊಂಡು ಕಿಟಕಿಯ ಬಳಿ ಕೂರುತ್ತಾರೆ. ನೆತ್ತಿಯಲ್ಲಿ ಮತ್ತೆ ಕೂದಲು ಬರುವುದಿಲ್ಲವಂತೆ. ಅಮ್ಮನಿಗೆ ಒಂದು ಮಾತೂ ಬೈಯಲಿಲ್ಲ ಆ ಪುಣ್ಯಾತ್ಗಿತ್ತಿ. ಬೈದಿದ್ದರೆ ಅಮ್ಮ ಅತ್ತು ಹಗುರಾಗುತ್ತಿದ್ದಳೇನೋ.

ಹಸಿರು ಡಬ್ಬಿ ಮಾಡುತ್ತಿದ್ದ ಚಿಕ್ಕ ಕಾರ್ಖಾನೆಯನ್ನು ನಿಮ್ಮ ಕಂಪನಿ ಕೊಂಡಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ವಿಷಯ ತಿಳಿದು ಬಂದ ಕಂಪನಿಯ ಪ್ರತಿನಿಧಿಯ ಬಾಯಿಂದಲೇ ಅದು ಹೊರಬಿತ್ತು. ಡಬ್ಬಿ ಅದೇ, ಹೆಸರು ಅದೇ. ಒಳಗಿನ ಸರಕು ಬದಲಾಗಿದೆ ಎಂದು ನನಗೆ ಗುಮಾನಿ. ಅಮ್ಮನಿಗೆ ಹೇಳಿದರೆ, "ನನ್ನ ತಪ್ಪು ಮುಚ್ಚೋಕೆ ಕತೆ ಕಟ್ಟಬೇಡ. ನನ್ನ ಕೈ ಸತ್ತುಹೋಯ್ತು, ಅಷ್ಟೇ" ಎನ್ನುತ್ತಾಳೆ. ಆ ಪ್ರತಿನಿಧಿಯೂ "ವಯಸ್ಸಾಯ್ತಲ್ಲಮ್ಮ, ಅಂದಾಜು ತಪ್ಪುತ್ತೆ" ಎಂದು ಬೆಣ್ಣೆಯಿಂದ ಕೂದಲು ತೆಗೆದಂತೆ ಹೇಳಿ ಹೋದ. ಅವನ ನಾಲಿಗೆಗಷ್ಟು ಆ ಬಣ್ಣ ಬಳಿಯಬೇಕು ಅನ್ನಿಸಿತು. ನಮ್ಮ ಬೀದಿಯ ಮೂಲೆಯ ಪಾರ್ಲರಿಗೂ ಬಸ್ ನಿಲ್ದಾಣದ ಎದುರಿನದಕ್ಕೂ ಕಂಪನಿಯವರು ಅವನ್ನು ಕೊಂಡು ತಮ್ಮ ಬೋರ್ಡು ಹಾಕಿಯಾಗಿದೆ. ಶುಕ್ರವಾರ ನಮ್ಮದನ್ನು ಬರೆಸಿಕೊಳ್ಳಲು ಬರುತ್ತಾನೆ, ಅಮ್ಮ ರುಜು ಹಾಕುತ್ತಾಳೆ. ಕೈ ಸತ್ತವಳಿಗೆ ಅಂಗಡಿ ಯಾಕೆ ಅನ್ನುವುದು ಅವಳ ವಾದ. ನನ್ನನ್ನು ಅವರೇ ಕೆಲಸಕ್ಕೆ ಇಟ್ಟುಕೊಳ್ಳುತ್ತಾರಂತೆ, ಕರಿ ಅಂಗಿ ತೊಡಿಸಿ. ಅಂಗಡಿ ಹೋದರೆ ಹೋಗಲಿ ಅಕ್ಕಾ, ಹೊಟ್ಟೆಪಾಡಿಗೆ ಏನೋ ಒಂದು ದಾರಿಯಾಗುತ್ತದೆ. ಆದರೆ ಟೀಚರಮ್ಮನ ತಲೆ ಸುಟ್ಟದ್ದು ತನ್ನ ಕೈಯೇ ಎಂದು ನಂಬಿಕೊಂಡು ಅಮ್ಮ ಉಳಿದ ಬದುಕನ್ನು ಬೆಂಚಿನ ಮೇಲೆ ಕಳೆಯುವುದನ್ನು ನಾನು ನೋಡಲಾರೆ.

ಬಾವನಿಗೆ ನಮಸ್ಕಾರ ತಿಳಿಸು. ಪುಟ್ಟಿಗೆ ಚಿಕ್ಕಮ್ಮನ ಮುತ್ತು. ಅಮ್ಮ ನಿಮಗೆಲ್ಲ ಆಶೀರ್ವಾದ ಬರೆ ಎಂದಳು, ಬೆಂಚಿನಿಂದಲೇ.

ಸದಾ ನಿನ್ನ ಹಿಂದೆ ಸುತ್ತುತ್ತಿದ್ದ
ನಿನ್ನ ಬಾಲ

ವಿ.ಸೂ: ಮಡಿಚಿದ್ದ ಕಾಗದವನ್ನು ಮತ್ತೆ ಬಿಚ್ಚಿದೆ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಹೊರಡುವಾಗ ಪ್ರತಿನಿಧಿ ಬಾಗಿಲಲ್ಲಿ ನಿಂತು ನನಗೊಬ್ಬಳಿಗೇ ಹೇಳಿದ: "ಹೊಸ ಹಸಿರು ಡಬ್ಬಿ ಬಳಸೋದನ್ನ ನಮ್ಮ ಶಾಲೇಲಿ ಕಲಿಸೋದೇ ನಿಮ್ಮಕ್ಕ. ಮುಂಚಿನಷ್ಟು ಹೊತ್ತು ಬಿಡಬಾರದು ಅಂತ ಮೊದಲು ಹೇಳೋದೇ ಅದನ್ನ." ಅಂದರೆ ನಿನಗೆ ಗೊತ್ತಿತ್ತು. ಪ್ರತಿ ಭಾನುವಾರ ಫೋನು ಮಾಡಿ ನನ್ನ ದಪ್ಪದ ಬಗ್ಗೆ ತಮಾಷೆ ಮಾಡಿದೆ, ಇದೊಂದು ಹೇಳಲಿಲ್ಲ. ಮರೆತೆಯೋ, ಹೊರಗೆ ಬಾಯಿ ಬಿಡಬಾರದು ಎಂದಿದ್ದರೋ, ನಾನು ಕೇಳುವುದಿಲ್ಲ. ಅಮ್ಮ ನಂಬುವುದು ನಿನ್ನ ಮಾತನ್ನು ಮಾತ್ರ. ಶುಕ್ರವಾರದೊಳಗೆ ಫೋನು ಮಾಡಿ, "ಕೆಟ್ಟದ್ದು ಬಣ್ಣ, ನಿನ್ನ ಕೈಯಲ್ಲಮ್ಮ" ಎಂದು ಅವಳಿಗೆ ಹೇಳು. ನಿನಗೆ ಹೇಗೆ ಗೊತ್ತಾಯಿತು ಎಂದು ಅವಳು ಕೇಳೇ ಕೇಳುತ್ತಾಳೆ. ಅದಕ್ಕೆ ನೀನು ಏನು ಹೇಳುತ್ತೀಯೋ ನನಗೆ ಗೊತ್ತಿಲ್ಲ.