ಕೀರ್ತನ ತಿಂದ ಮಣ್ಣು

ದೊಡ್ಡಬಳ್ಳಾಪುರ
೧೨ ಆಗಸ್ಟ್ ೨೦೨೪, ಸೋಮವಾರ

ಪ್ರೀತಿಯ ರೂಪ,

ಹೇಗಿದ್ದೀಯಮ್ಮಾ? ಮೂರು ತಿಂಗಳು ತುಂಬಿತೆಂದು ನಿಮ್ಮ ತಾಯಿ ಅಮ್ಮಯಮ್ಮನವರು ಅಂಬರೀಶನಿಗೆ ಹೇಳಿದರಂತೆ. ವಾಂತಿ ನಿಂತಿತೇ? ಮುದ್ದೆ ಸೇರದಿದ್ದರೆ ಬಿಸಿ ಅನ್ನಕ್ಕೆ ನಿಂಬೆಹುಳಿ ಹಿಂಡಿಕೊಂಡು ಎರಡು ತುತ್ತಾದರೂ ತಿನ್ನು. ಕೀರ್ತನಳ ಹೊಟ್ಟೆನೋವು ಹೇಗಿದೆ? ಅನುಗೊಂಡನಹಳ್ಳಿಯ ತವರಿಗೆ ಹೋದ ಮೇಲೆ ಮಗುವಿನ ಮುಖಕ್ಕೆ ಕಳೆ ಬಂದಿದೆ ಎಂದ ನಿನ್ನ ಗಂಡ. ಕೇಳಿ ಸಂತೋಷವಾಯಿತು, ಹಾಗೆಯೇ ಭಯವೂ ಆಯಿತು. ಯಾಕೆಂದು ಮುಂದೆ ಬರೆಯುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ನನ್ನ ಕರೆ ಎತ್ತುವುದಿಲ್ಲ. ಎತ್ತಿದರೂ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ರಿಜಿಸ್ಟರ್ ಬರೆದ ಕೈ, ಬರೆಯುವುದೇ ಸುಲಭ.

ನಮ್ಮ ಬೀದಿಯ ಹಿಂದೆ ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುತ್ತಿದ್ದ ಶೆಡ್ಡು ಮುಚ್ಚಿ ಹತ್ತು ವರ್ಷವಾಯಿತಲ್ಲ, ಆ ಜಾಗವನ್ನು ಪರೀಕ್ಷೆ ಮಾಡಲು ಕಳೆದ ತಿಂಗಳು ಸರ್ಕಾರದ ಕಡೆಯ ಜನ ಬಂದರು. ಅವರಲ್ಲಿ ಧನುಶ್ರೀ ಎಂಬ ಹುಡುಗಿ ಮನೆಮನೆಗೂ ಹೋಗಿ, ಮಕ್ಕಳು ದಿನಕ್ಕೆ ಎಷ್ಟು ಮಣ್ಣು ತಿನ್ನುತ್ತಾರೆಂದು ಕೇಳಿ ಬರೆದುಕೊಳ್ಳಬೇಕಿತ್ತು. ಬೀದಿಯವರ ಪರಿಚಯವಿದೆಯೆಂದು ನನ್ನನ್ನು ಜೊತೆಗೆ ಕರೆದುಕೊಂಡಳು. ನಾನು ನಕ್ಕೆ. ಅವಳು ನಗಲಿಲ್ಲ. "ಮಣ್ಣು ತಿನ್ನದೇ ಇರೋ ಮಗು ಇಲ್ಲ ಆಂಟಿ. ಆಡಿದ ಕೈ ಬಾಯಿಗಿಡ್ತವೆ, ಧೂಳು ಒಳಗೆ ಹೋಗುತ್ತೆ. ಎಷ್ಟು ಅನ್ನೋದೇ ಪ್ರಶ್ನೆ" ಎಂದಳು. ಅವರ ಪುಸ್ತಕದ ಪ್ರಕಾರ ದಿನಕ್ಕೆ ಇನ್ನೂರು ಮಿಲಿಗ್ರಾಂ, ಅಂದರೆ ಎರಡು ಬೆರಳಲ್ಲಿ ಹಿಡಿದ ಒಂದು ಚಿಟಿಕೆ. ಆ ಲೆಕ್ಕ ನಿಂತರೆ ಶೆಡ್ಡಿನ ಜಾಗದ ಮೇಲೆ ಒಂದಿಷ್ಟು ಜಲ್ಲಿ ಹರಡಿ ಕೈತೊಳೆದುಕೊಳ್ಳಬಹುದು. ಮಕ್ಕಳು ಅದಕ್ಕಿಂತ ಹೆಚ್ಚು ತಿನ್ನುತ್ತಾರೆಂದು ಗೊತ್ತಾದರೆ ನಮ್ಮೆಲ್ಲರ ಹಿತ್ತಲುಗಳ ಮಣ್ಣನ್ನೂ ಅಗೆದು ಸಾಗಿಸಬೇಕು.

ಇಪ್ಪತ್ತಾರು ಮನೆ ತಿರುಗಿದೆವು. ಎಲ್ಲರೂ ಇಲ್ಲವೆಂದರು. ಮೂಲೆಮನೆ ಬೈರಮ್ಮ ಸಿಟ್ಟಿಗೇ ಎದ್ದಳು: "ನಮ್ ಮಕ್ಳೇನ್ ಗತಿಗೆಟ್ಟೋರಾ, ಮಣ್ ತಿನ್ನಕ್ಕೆ?" ಅವಳ ಸೊಂಟದ ಮೇಲಿದ್ದ ಕೂಸಿನ ತುಟಿಯಂಚಿನಲ್ಲಿ ಆಗಲೇ ಕರಿ ಮಣ್ಣು ಅಂಟಿತ್ತು. ನೋಡಿಯೂ ಮುಂದಿನ ಮನೆಯತ್ತ ನಡೆದೆ. ಕೊನೆಗೆ ನಮ್ಮ ಮನೆ ಬಂತು. "ನಿಮ್ಮ ಮೊಮ್ಮಗಳು?" ಎಂದು ಕೇಳಿದಳು. "ಇಲ್ಲಮ್ಮ" ಎಂದುಬಿಟ್ಟೆ. ಸೊನ್ನೆ ಬರೆದು ಸಹಿ ಹಾಕಿಸಿಕೊಂಡಳು.

ರೂಪ, ಅದು ಸುಳ್ಳು. ನೀನು ಗಾರ್ಮೆಂಟ್ಸಿಗೆ ಹೋದ ಮೇಲೆ ಕೀರ್ತನಳನ್ನು ಹಿತ್ತಲ ಗೋಡೆಯ ಬುಡದಲ್ಲಿ ಕೂರಿಸಿ ನಾನು ಪಾತ್ರೆ ಬೆಳಗುತ್ತಿದ್ದೆ. ಆ ಗೋಡೆಗೆ ಮೆತ್ತಿದ ಮಣ್ಣನ್ನು ನಿನ್ನ ಮಾವ, ಪುಗಸಟ್ಟೆ ಸಿಕ್ಕಿತೆಂದು, ಶೆಡ್ಡಿನ ಅಂಚಿನಿಂದಲೇ ಗಾಡಿಯಲ್ಲಿ ತಂದಿದ್ದರು. ಪಾತ್ರೆಯ ನೀರು ಸಿಡಿದಾಗ ಗೋಡೆ ಘಮ್ಮೆನ್ನುತ್ತಿತ್ತು; ಮಗು ಉಗುರಿನಿಂದ ಕೆರೆದು ಕೆರೆದು ಬಾಯಿಗಿಡುತ್ತಿತ್ತು. ಮೊದಮೊದಲು ಬೈದೆ. ಆಮೇಲೆ, ತಿನ್ನುವಷ್ಟು ಹೊತ್ತಾದರೂ ಅಳುವುದಿಲ್ಲವಲ್ಲ ಎಂದು ಬಿಟ್ಟೆ. ಎಲ್ಲಿ, ಕೃಷ್ಣನ ಹಾಗೆ ಬಾಯೊಳಗೆ ಲೋಕ ತೋರಿಸು ನೋಡೋಣ ಎಂದು ತಮಾಷೆ ಕೂಡ ಮಾಡಿದ್ದೇನೆ. ನೀನು ಬರುವ ಹೊತ್ತಿಗೆ ಬಾಯಿ ತೊಳೆಸಿ ಸೆರಗಿನಲ್ಲಿ ಒರೆಸಿರುತ್ತಿದ್ದೆ. ಅವಳು ಬಿಳಿಚಿಕೊಂಡಾಗ, ಕಲಿತ ಮಾತುಗಳನ್ನೇ ಮರೆಯತೊಡಗಿದಾಗ ನೀನು ಕೇಳಿದೆ: "ಅತ್ತೆ, ನಾನಿಲ್ದಾಗ ಇವ್ಳು ಏನಾದ್ರೂ ತಿಂತಾಳಾ?" ನಿನ್ನ ತವರಿನ ಕಡೆಯ ದೋಷ ಎಂದೆ ನಾನು. ಆ ಮಾತಿಗೇ ಅಲ್ಲವೇ ನೀನು ಮಗುವನ್ನು ಎತ್ತಿಕೊಂಡು ಹೊರಟದ್ದು?

ನೀನು ಹೋದ ಮೇಲೆ, ಮಧ್ಯಾಹ್ನ ಕರೆಂಟು ಹೋಗಿ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಂತಾಗ, ಹಿತ್ತಲಿಂದ ಕೆರೆಯುವ ಸದ್ದು ಕೇಳತೊಡಗಿತು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ. ಗೋಡೆಯ ಬುಡದಲ್ಲಿ ಅವಳು ತೋಡಿದ ಗುಳಿ, ಅದರ ತುಂಬ ಪುಟ್ಟ ಉಗುರಿನ ಗೆರೆಗಳು. ಇಲಿಯಿರಬೇಕೆಂದು ಬೋನಿಟ್ಟೆ. ಏನೂ ಬೀಳಲಿಲ್ಲ. ಸೊನ್ನೆಗೆ ಸಹಿ ಹಾಕಿದ ಮೇಲಂತೂ ಮಗ್ಗದ ಗದ್ದಲದ ನಡುವೆಯೂ ಕೇಳುತ್ತಿತ್ತು.

ನಾಲ್ಕನೇ ದಿನ ಧನುಶ್ರೀಯನ್ನು ಕರೆದು ಗುಳಿ ತೋರಿಸಿದೆ. ಅವಳು ಕುಕ್ಕರಗಾಲಲ್ಲಿ ಕೂತು, ಪರೀಕ್ಷೆಗೆಂದು ಗೋಡೆಯ ಮಣ್ಣನ್ನು ಒಂದು ಕವರಿಗೆ ಕೆರೆದುಕೊಂಡಳು. ಆಮೇಲೆ ಮಗು ಎಷ್ಟು ತಿಂದಿದೆಯೆಂದು ತಿಳಿಯಲು ಇಬ್ಬರೂ ಸೇರಿ, ಜರಡಿ ಹಿಡಿದ ಬೇರೆ ಮಣ್ಣನ್ನು ಪಿಳ್ಳಣ್ಣನ ಅಂಗಡಿಯ ತಕ್ಕಡಿಯಲ್ಲಿ ತೂಗಿ ತಂದು, ಕಲಸಿ, ಗುಳಿ ತುಂಬುವವರೆಗೆ ಮೆತ್ತಿದೆವು. ಆ ಗೆರೆಗಳು ನನ್ನ ಅಂಗೈಗೆ ತಾಗುತ್ತಿದ್ದವು. ಎರಡು ಕಿಲೋ ನಾನೂರು ಗ್ರಾಂ ಹಿಡಿಯಿತು. ತಿಂದದ್ದು ಹದಿನಾರು ತಿಂಗಳು. "ದಿನಕ್ಕೆ ಐದು ಗ್ರಾಂ ಆಂಟಿ. ಅರ್ಧ ಕೆಳಗೆ ಉದುರ್ತು ಅಂದ್ಕೊಂಡ್ರೂ ಪುಸ್ತಕದ ಲೆಕ್ಕಕ್ಕಿಂತ ಹನ್ನೆರಡು ಪಟ್ಟು" ಎಂದಳು. ಗೋಡೆಯ ಮಣ್ಣಿನಲ್ಲಿ ಸೀಸ ವಿಪರೀತವಿದೆಯೆಂದು ಮೊನ್ನೆ ವರದಿ ಬಂತು.

ಸೊನ್ನೆ ಹೊಡೆದುಹಾಕಿಸಿ ಹೊಸ ಫಾರಂಗೆ ಸಹಿ ಹಾಕಿದೆ. ಬೀದಿಯ ಹೆಂಗಸರನ್ನು ಸೇರಿಸಿ ನಾನು ಮಾಡಿದ್ದನ್ನೆಲ್ಲ ಹೇಳಿದೆ. ಮಾರನೇ ದಿನ ಬೈರಮ್ಮ ಕೂಸನ್ನೆತ್ತಿಕೊಂಡು ತಾನೇ ಬಂದು, "ಬರ್ಕೊಳವ್ವ, ನಮ್ದೂ ತಿಂತದೆ" ಎಂದಳು. ಹನ್ನೊಂದು ಮನೆಯವರು ಹೇಳಿಕೆ ಬದಲಿಸಿದರು. ಹಿತ್ತಲುಗಳ ಮಣ್ಣು ತೆಗೆಸಲು, ನಮ್ಮ ಗೋಡೆ ಕೆಡವಲು ಬರುತ್ತಾರಂತೆ. ಅಂಬರೀಶನಿಗೂ ಹೇಳಿದೆ. ಎರಡು ದಿನ ಅವನು ನನ್ನ ಕೈಯೂಟ ಮುಟ್ಟಲಿಲ್ಲ. ಈ ಕಾಗದವನ್ನು ಅವನ ಕೈಯಲ್ಲೇ ಕೊಟ್ಟು ಕಳಿಸುತ್ತಿದ್ದೇನೆ. ನಾಳೆ ಕೀರ್ತನಳನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದೊಯ್ದು ರಕ್ತದಲ್ಲಿ ಸೀಸವಿದೆಯೇ ನೋಡಿಸುತ್ತಾನೆ. ದೋಷ ನಿನ್ನದಲ್ಲ, ನಿನ್ನ ತವರಿನದೂ ಅಲ್ಲ. ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸು. ಮಗುವಿನ ತಲೆ ಸವರು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅತ್ತೆ,
ಆದಿಲಕ್ಷ್ಮಮ್ಮ

ಮಡಿಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ, ಅಂಬರೀಶ ಹೊರಗೆ ಬೈಕ್ ಸ್ಟಾರ್ಟ್ ಮಾಡಿ ಕೂಗುತ್ತಿದ್ದಾನೆ. ಗೋಡೆ ಕೆಡವುತ್ತಾರಲ್ಲ ಎಂದು ಬಚ್ಚಲೊಲೆಯ ಪಕ್ಕದ ಸೌದೆ ಈಗ ತೆಗೆದೆ. ಅದರ ಹಿಂದೆ, ಅದೇ ಗೋಡೆಯಲ್ಲಿ, ಇನ್ನೊಂದು ಗುಳಿ ಇದೆ. ಗೆರೆಗಳು ಅಗಲ; ನನ್ನ ಬೆರಳಿಟ್ಟು ನೋಡಿದೆ, ಸರಿಯಾಗಿ ಕೂತಿತು. ಆ ಒಲೆಯ ಮುಂದೆ ಕೂತು ಉರಿ ಹಾಕುತ್ತಿದ್ದವಳು ನೀನೊಬ್ಬಳೇ. ಮೊದಲ ಬಸುರಿನದೋ ಈ ಬಸುರಿನದೋ ನಾನು ಕೇಳುವುದಿಲ್ಲ. ಬಸುರಿಯ ಬಯಕೆಗೆ ನಾಚಿಕೆ ಯಾಕಮ್ಮಾ? ಇವನಿಗೂ ಹೇಳಿಲ್ಲ. ಆ ಮಣ್ಣನ್ನು ಸೆರಗಿನಲ್ಲಿ ಕಟ್ಟಿಕೊಂಡು ಒಯ್ದಿದ್ದರೆ ಈಗಲೇ ಎಸೆದುಬಿಡು. ನಾಳೆ ಮಗುವಿನ ಜೊತೆ ನೀನೂ ರಕ್ತ ಕೊಡು. ಈ ಗುಳಿಯನ್ನು ಅಳೆಯಲು ನನಗೆ ಧೈರ್ಯ ಬರುತ್ತಿಲ್ಲ.